ಗೇಮಿಗೆ ಬೀಗ, ಕೀಲಿ ಯಾರ ಕೈಯಲ್ಲಿ?

1999ರ ಜುಲೈ. ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ಸಮಾವೇಶದಲ್ಲಿ ಸ್ಟೀವ್ ಜಾಬ್ಸ್ ವೇದಿಕೆ ಹತ್ತಿ, ಬಂಜಿ ಎಂಬ ಸ್ಟುಡಿಯೊದವರು ಮಾಡುತ್ತಿದ್ದ ಹೊಸ ಗೇಮೊಂದನ್ನು ಜನರಿಗೆ ತೋರಿಸಿದರು. ಅದರ ಹೆಸರು ಹೇಲೋ. ಆಪಲ್‌ನ ಮ್ಯಾಕ್ ಕಂಪ್ಯೂಟರ್ ಬಳಸುವವರಿಗೆ ಖುಷಿಯೋ ಖುಷಿ. ಒಳ್ಳೆಯ ಗೇಮುಗಳೆಲ್ಲ ವಿಂಡೋಸ್ ಪಾಲಾಗುತ್ತಿದ್ದ ಕಾಲ ಅದು. ಕಡೆಗೂ ನಮಗೊಂದು ಸಿಕ್ಕಿತಲ್ಲ ಅಂತ ಚಪ್ಪಾಳೆ ಹೊಡೆದರು. ಮಾರನೇ ವರ್ಷ ಮೈಕ್ರೋಸಾಫ್ಟ್ ಬಂದು ಬಂಜಿಯನ್ನೇ ಇಡಿಯಾಗಿ ಕೊಂಡುಕೊಂಡಿತು. 2001ರ ನವೆಂಬರ್ 15ರಂದು ಹೇಲೋ ಹೊರಬಂತು. ಅದನ್ನು ಆಡಲು ಇದ್ದದ್ದು ಒಂದೇ ದಾರಿ. ಅದೇ ದಿನ ಅಂಗಡಿಗೆ ಬಂದ ಮೈಕ್ರೋಸಾಫ್ಟಿನ ಹೊಸ ಕನ್ಸೋಲ್ (ಗೇಮ್ ಆಡಲೆಂದೇ ಇರುವ ಯಂತ್ರ), ಎಕ್ಸ್‌ಬಾಕ್ಸ್, ಕೊಳ್ಳಬೇಕು. ಮೊದಲು ಚಪ್ಪಾಳೆ ಹೊಡೆದ ಮ್ಯಾಕ್‌ನವರು 2003ರ ಕೊನೆಯವರೆಗೆ ಕಾಯಬೇಕಾಯಿತು.

ಹೀಗೆ ಒಂದು ಗೇಮ್ ಒಂದೇ ಕಂಪನಿಯ ಯಂತ್ರದಲ್ಲಿ ಮಾತ್ರ ಓಡಿದರೆ ಅದನ್ನು ಎಕ್ಸ್‌ಕ್ಲೂಸಿವ್ ಅನ್ನುತ್ತಾರೆ. ಅದೇ ಗೇಮ್ ಬೇರೆ ಯಂತ್ರದಲ್ಲಿ ಓಡುವುದಕ್ಕೆ ಎಷ್ಟೋ ಸಲ ತಾಂತ್ರಿಕ ಅಡ್ಡಿಯೇ ಇರುವುದಿಲ್ಲ. ಬಾಗಿಲು ಇದೆ, ಬೇಕೆಂದೇ ಬೀಗ ಹಾಕಿದ್ದಾರೆ, ಅಷ್ಟೆ. ಈ ಬೀಗ ಆಟಗಾರರಿಗೆ ಮಾಡುವ ಮೋಸ ಅಂತ ಒಂದು ಗುಂಪು ಹೇಳುತ್ತದೆ. ಬೀಗ ಇಲ್ಲದಿದ್ದರೆ ಪೈಪೋಟಿಯೇ ಸತ್ತುಹೋಗುತ್ತಿತ್ತು ಅಂತ ಇನ್ನೊಂದು ಗುಂಪಿನ ವಾದ. ವಿಚಿತ್ರ ಅಂದರೆ ಎರಡೂ ಮಾತಿನಲ್ಲಿ ಹುರುಳಿದೆ. ಬೀಗ ಹಾಕಿದವರು ಯಾರು, ಯಾವ ಗೇಮಿಗೆ ಹಾಕಿದರು ಅನ್ನುವುದನ್ನು ಬಿಟ್ಟು ಸುಮ್ನೆ ಜಗಳ ಆಡುವುದರಿಂದಲೇ ಈ ಚರ್ಚೆ ಮುಗಿಯುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ನಾನೂ ಒಂದೇ ಒಂದು ಗೇಮಿಗೋಸ್ಕರ ಕನ್ಸೋಲ್ ಕೊಂಡವನೇ. ಆದ್ದರಿಂದ ಪೂರಾ ತಟಸ್ಥ ಅಂತ ಹೇಳಿಕೊಳ್ಳಲಾರೆ.

ಎಲ್ಲ ಬೀಗವೂ ಒಂದೇ ಥರ ಅಲ್ಲ

ಮೊದಲನೆಯದು, ಕಂಪನಿ ತನ್ನದೇ ಸ್ಟುಡಿಯೊದಲ್ಲಿ ಮಾಡಿದ ಗೇಮ್. ನಿಂಟೆಂಡೊದ ಮಾರಿಯೊ, ಜೆಲ್ಡಾ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ನನ್ನ ದುಡ್ಡು, ನನ್ನ ಜನ, ನನ್ನ ಗೇಮ್, ಹಾಗಾಗಿ ನನ್ನ ಕನ್ಸೋಲಿನಲ್ಲೇ ಇರಲಿ ಅನ್ನುವ ಲೆಕ್ಕ. ಇದರ ಬಗ್ಗೆ ಜಗಳ ಕಡಿಮೆ.

ಎರಡನೆಯದರಲ್ಲಿ ಗೇಮ್ ಬೇರೆಯವರದು, ದುಡ್ಡು ಕನ್ಸೋಲ್ ಕಂಪನಿಯದು. ಬೇಯೊನೆಟ್ಟಾ 2 ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಭಾಗ ಸೋನಿಯ ಪ್ಲೇಸ್ಟೇಷನ್ 3ರಲ್ಲೂ ಎಕ್ಸ್‌ಬಾಕ್ಸ್ 360ರಲ್ಲೂ ಬಂದಿತ್ತು. ಎರಡನೆಯದಕ್ಕೆ ಬಂಡವಾಳ ಸಿಗಲಿಲ್ಲ. ಆಗ ನಿಂಟೆಂಡೊ ಮುಂದೆ ಬಂದು ದುಡ್ಡು ಹಾಕಿತು. 2014ರಲ್ಲಿ ಗೇಮ್ ವೀ ಯು ಕನ್ಸೋಲಿನಲ್ಲಿ ಮಾತ್ರ ಬಂತು. ಮೊದಲ ಭಾಗ ಆಡಿದ್ದವರು ಕೆಂಡವಾದರು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನಿಂಟೆಂಡೊ ಕೈ ಹಾಕದಿದ್ದರೆ ಆ ಗೇಮ್ ಯಾರಿಗೂ ಸಿಗುತ್ತಿರಲಿಲ್ಲ. ಯಾರಿಗೂ ಇಲ್ಲದಿರುವುದು ವಾಸಿಯೋ, ಕೆಲವರಿಗಾದರೂ ಸಿಗುವುದು ವಾಸಿಯೋ?

ಮೂರನೆಯದು ಕಾಲಮಿತಿಯ ಬೀಗ. ಗೇಮ್ ಹೇಗಿದ್ದರೂ ಬರುವುದಿತ್ತು, ಎಲ್ಲ ಕಡೆ ಬರುವುದಿತ್ತು. ಒಂದು ಕಂಪನಿ ದುಡ್ಡು ಕೊಟ್ಟು, ಆರು ತಿಂಗಳೋ ವರ್ಷವೋ ಉಳಿದವರಿಗೆ ಕೊಡಬೇಡ ಅನ್ನುತ್ತದೆ. ರೈಸ್ ಆಫ್ ದಿ ಟೂಂಬ್ ರೈಡರ್ 2015ರಲ್ಲಿ ಎಕ್ಸ್‌ಬಾಕ್ಸಿಗೆ ಬಂತು, ಪ್ಲೇಸ್ಟೇಷನ್ 4ಕ್ಕೆ ಬರಲು 2016 ಆಯಿತು. ಇಲ್ಲಿ ಆ ದುಡ್ಡಿನ ಮುಖ್ಯ ಕೆಲಸ ಪಕ್ಕದವರನ್ನು ಕಾಯಿಸುವುದು.

ಇದರದ್ದೇ ಸಣ್ಣ ತಮ್ಮ ಇನ್ನೊಂದಿದೆ. ಗೇಮ್ ಎಲ್ಲರಿಗೂ ಸಿಗುತ್ತದೆ, ಅದರೊಳಗಿನ ಒಂದು ತುಂಡು ಮಾತ್ರ ಒಬ್ಬರಿಗೆ. ಅವೆಂಜರ್ಸ್ ಗೇಮಿನಲ್ಲಿ ಸ್ಪೈಡರ್‌ಮ್ಯಾನ್ ಪಾತ್ರ ಪ್ಲೇಸ್ಟೇಷನ್ ಇದ್ದವರಿಗೆ ಮಾತ್ರ ಸಿಕ್ಕಿತು. ಉಳಿದವರು ಅದೇ ಬೆಲೆ ಕೊಟ್ಟು ಒಬ್ಬ ಹೀರೊ ಕಮ್ಮಿ ಇರುವ ಗೇಮ್ ಆಡಿದರು. ಊಟಕ್ಕೆ ಒಂದೇ ದರ, ಒಂದು ಸಾಲಿಗೆ ಮಾತ್ರ ಪಾಯಸ ಬಡಿಸಿದ ಹಾಗೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಿಪುಣತನದ್ದು ಇದೇ.

ಪಿಸಿಯಲ್ಲಿ ಬೇರೆ ಕಥೆ. ಅಲ್ಲಿ ಯಂತ್ರ ಎಲ್ಲರದ್ದೂ ಒಂದೇ, ಜಗಳ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳ ನಡುವೆ. 2018ರ ಡಿಸೆಂಬರಿನಲ್ಲಿ ಎಪಿಕ್ ಗೇಮ್ಸ್ ತನ್ನ ಅಂಗಡಿ ತೆರೆಯಿತು. ಆಗಲೇ ಇದ್ದ ದೊಡ್ಡ ಅಂಗಡಿ ಸ್ಟೀಮ್ ಸಾಮಾನ್ಯವಾಗಿ ಮಾರಾಟದ ಶೇ. 30ರಷ್ಟು ಇಟ್ಟುಕೊಳ್ಳುತ್ತಿದ್ದರೆ, ಎಪಿಕ್ ಶೇ. 12 ಸಾಕು ಅಂದಿತು. ಜತೆಗೆ ಕೆಲವು ಗೇಮುಗಳನ್ನು ದುಡ್ಡು ಕೊಟ್ಟು ತನ್ನಲ್ಲೇ ಇರಿಸಿಕೊಂಡಿತು. ಮೆಟ್ರೋ ಎಕ್ಸೋಡಸ್ ಗೇಮಿಗೆ ಸ್ಟೀಮಿನಲ್ಲಿ ಮುಂಗಡ ಬುಕಿಂಗ್ ನಡೆಯುತ್ತಿತ್ತು. ಬಿಡುಗಡೆಗೆ ಮೂರು ವಾರ ಕೂಡ ಇಲ್ಲದಿರುವಾಗ, 2019ರ ಜನವರಿಯಲ್ಲಿ, ಇನ್ನು ಮುಂದೆ ಮಾರಾಟ ಎಪಿಕ್‌ನಲ್ಲಿ ಮಾತ್ರ ಅಂತ ಘೋಷಣೆಯಾಯಿತು. ಬುಕ್ ಮಾಡಿದ್ದವರಿಗೆ ಗೇಮ್ ಸಿಕ್ಕಿತು, ಆದರೂ ಬೈಗುಳದ ಮಳೆಯೇ ಸುರಿಯಿತು. ಇನ್ನೊಂದು ಕಡೆಯಿಂದ ನೋಡಿ. ಕಂಟ್ರೋಲ್ ಎಂಬ ಗೇಮಿಗೆ ಎಪಿಕ್ ಸುಮಾರು 95 ಲಕ್ಷ ಯೂರೋ ಕೊಟ್ಟಿತ್ತು. ಒಂದು ಪ್ರತಿ ಮಾರಾಟವಾಗುವ ಮೊದಲೇ ಕೈಗೆ ಇಷ್ಟು ದುಡ್ಡು ಬಂದರೆ, ಗೇಮ್ ಓಡದಿದ್ದರೂ ಮುಳುಗುವ ಭಯವಿಲ್ಲ. ಬೇಡ ಅನ್ನುವುದು ಸುಲಭವಲ್ಲ, ಅಲ್ವಾ?

ಡಬ್ಬಿಯಲ್ಲಿ ಲಾಭವಿಲ್ಲ

ಇಷ್ಟೆಲ್ಲ ಗುದ್ದಾಟ ಯಾಕೆ ಅಂತ ತಿಳಿಯಲು ಕನ್ಸೋಲ್ ವ್ಯಾಪಾರದ ಒಳಗುಟ್ಟು ಗೊತ್ತಿರಬೇಕು. ಕನ್ಸೋಲ್ ಎಂಬ ಡಬ್ಬಿಯಲ್ಲಿ ಲಾಭ ಅಷ್ಟಕ್ಕಷ್ಟೇ. 2021ರಲ್ಲಿ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ಕಂಪನಿ ಯಾವತ್ತೂ ಲಾಭ ಮಾಡಿಲ್ಲ ಅಂದರು. ಲಾಭ ಇರುವುದು ಆಮೇಲೆ. ಆ ಕನ್ಸೋಲಿನ ಅಂಗಡಿಯಲ್ಲಿ ಯಾರದೇ ಗೇಮ್ ಮಾರಾಟವಾಗಲಿ, ಸಾಮಾನ್ಯವಾಗಿ ಶೇ. 30 ಕನ್ಸೋಲ್ ಕಂಪನಿಯ ಜೇಬಿಗೆ. ತಿಂಗಳ ಚಂದಾ, ಗೇಮಿನೊಳಗಿನ ಖರೀದಿ, ಎಲ್ಲದರಲ್ಲೂ ಪಾಲು. ಅಂದರೆ ಡಬ್ಬಿ ಬರೀ ಹೆಬ್ಬಾಗಿಲು. ಜನ ಒಳಗೆ ಬಂದರೆ ಸಾಕು.

ಜನರನ್ನು ಒಳಗೆ ತರುವುದು ಹೇಗೆ? ಇಲ್ಲಿ ಬೀಜ ಮೊದಲೋ ಮರ ಮೊದಲೋ ಅನ್ನುವ ತೊಡಕು ಶುರುವಾಗುತ್ತದೆ. ಆಟಗಾರರಿಲ್ಲದ ಕನ್ಸೋಲಿಗೆ ಯಾರೂ ಗೇಮ್ ಮಾಡುವುದಿಲ್ಲ. ಗೇಮ್ ಇಲ್ಲದ ಕನ್ಸೋಲನ್ನು ಯಾರೂ ಕೊಳ್ಳುವುದಿಲ್ಲ. ಆಗಲೇ ಮುಂದಿರುವ ಕಂಪನಿಗೆ ಈ ಚಕ್ರ ತಾನಾಗಿ ತಿರುಗುತ್ತದೆ. ಜನ ಇದ್ದಾರೆ, ಆದ್ದರಿಂದ ಗೇಮ್ ಬರುತ್ತದೆ, ಗೇಮ್ ಬರುವುದರಿಂದ ಇನ್ನಷ್ಟು ಜನ. ಹೊಸಬನಿಗೆ ಈ ಚಕ್ರವನ್ನು ಮೊದಲ ಸಲ ತಿರುಗಿಸುವುದೇ ದೊಡ್ಡ ಕೆಲಸ. ಎಲ್ಲ ಗೇಮುಗಳೂ ಎಲ್ಲ ಕಡೆ ಸಿಗುವಂತಿದ್ದರೆ, ಗೆಳೆಯರೆಲ್ಲ ಇರುವ ಹಳೆಯ ಕನ್ಸೋಲ್ ಬಿಟ್ಟು ಹೊಸದನ್ನು ಯಾರು ಕೊಳ್ಳುತ್ತಾರೆ? 2001ರಲ್ಲಿ ಎಕ್ಸ್‌ಬಾಕ್ಸ್ ಬಂದಾಗ ಎದುರಿಗಿದ್ದದ್ದು ಪ್ಲೇಸ್ಟೇಷನ್ 2. ಕೊನೆಗೆ 16 ಕೋಟಿ ಮಾರಾಟವಾದ ಯಂತ್ರ ಅದು. ಅದರ ಎದುರು ಎಕ್ಸ್‌ಬಾಕ್ಸ್ ಕಾಲೂರಿದ್ದು ಹೇಲೋದಿಂದ. ಮ್ಯಾಕ್‌ನವರ ಹೊಟ್ಟೆಗೆ ಬಿದ್ದ ಏಟೇ ಕನ್ಸೋಲ್ ಮಾರುಕಟ್ಟೆಗೆ ಒಬ್ಬ ಹೊಸ ಪೈಪೋಟಿಗಾರನನ್ನು ಕೊಟ್ಟಿತು.

ಇದು ಬರೀ ಊಹೆಯ ಮಾತಲ್ಲ. ಅರ್ಥಶಾಸ್ತ್ರಜ್ಞ ರಾಬಿನ್ ಲೀ ಸರಿಯಾಗಿ ಇದೇ ಕಾಲವನ್ನು, 2000ದಿಂದ 2005ರವರೆಗಿನ ಅಮೆರಿಕದ ಮಾರುಕಟ್ಟೆಯನ್ನು, ಲೆಕ್ಕಕ್ಕೆ ತೆಗೆದುಕೊಂಡು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಕ್ಸ್‌ಕ್ಲೂಸಿವ್ ಅನ್ನುವುದೇ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದು ಅವರ ಪ್ರಶ್ನೆ. ಉತ್ತರದ ಮೊದಲರ್ಧ ಆಟಗಾರರಿಗೆ ಸಿಹಿ. ಕನ್ಸೋಲ್ ಮಾರಾಟ ಶೇ. 7ರಷ್ಟು ಏರುತ್ತಿತ್ತು, ಗೇಮುಗಳ ಮಾರಾಟ ಶೇ. 58ರಷ್ಟು. ಗ್ರಾಹಕರಿಗೆ ಆಗುತ್ತಿದ್ದ ಒಟ್ಟು ಲಾಭದ ಬೆಲೆ 150 ಕೋಟಿ ಡಾಲರ್. ಉಳಿದರ್ಧ ಯೋಚನೆಗೆ ಹಚ್ಚುತ್ತದೆ. ಕಂಪನಿಗಳ ಪೈಕಿ ಇದರ ಲಾಭವೆಲ್ಲ ಆಗಲೇ ಮುಂದಿದ್ದ ಸೋನಿಗೇ ಹೋಗುತ್ತಿತ್ತು. ಬೀಗದಿಂದ ಉಪಕಾರ ಆದದ್ದು ಹೊಸಬರಿಗೆ.

ಅಂದರೆ ಇವತ್ತು ಆಟಗಾರನಿಗೆ ಆಗುವ ನಷ್ಟವೂ ನಿಜ, ಮಾರುಕಟ್ಟೆಯಲ್ಲಿ ಎರಡನೆಯವನು, ಮೂರನೆಯವನು ಉಳಿದುಕೊಂಡದ್ದರ ಲಾಭವೂ ನಿಜ. ಯಾವುದು ಜಾಸ್ತಿ ತೂಗುತ್ತದೆ ಅನ್ನುವುದು ಬೀಗ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ದುರ್ಬಲನ ಕೈಯಲ್ಲಿ ಅದು ಏಣಿ, ಬಲಶಾಲಿಯ ಕೈಯಲ್ಲಿ ಅದೇ ಗೋಡೆ.

ಬಲಶಾಲಿ ಬೀಗ ಹಾಕಿದಾಗ

ಗೋಡೆ ಹೇಗಿರುತ್ತದೆ ಅನ್ನುವುದಕ್ಕೆ 1980ರ ದಶಕದ ನಿಂಟೆಂಡೊ ನೋಡಬೇಕು. ಅದಕ್ಕೂ ಮೊದಲಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಟಾರಿ ಬಿಟ್ಟುಬಂದ ಕೆಲವು ಪ್ರೋಗ್ರಾಮರುಗಳು 1979ರಲ್ಲಿ ಆಕ್ಟಿವಿಷನ್ ಕಟ್ಟಿ, ಅಟಾರಿಯ ಕನ್ಸೋಲಿಗೇ ಗೇಮ್ ಮಾಡತೊಡಗಿದರು. ಅಟಾರಿ ಕೋರ್ಟಿಗೆ ಹೋಯಿತು, 1982ರಲ್ಲಿ ರಾಜಿಯಾಯಿತು. ಅಲ್ಲಿಗೆ ಯಾರು ಬೇಕಾದರೂ ಗೇಮ್ ಮಾಡಬಹುದು ಅಂತಾಯಿತು. ಮಾಡಿದರು ಕೂಡ, ಬೇಕಾಬಿಟ್ಟಿ. ಅಂಗಡಿಗಳಲ್ಲಿ ಕಸದಂಥ ಗೇಮುಗಳು ರಾಶಿ ಬಿದ್ದವು. 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆಯೇ ಕುಸಿಯಿತು.

ಆ ಪಾಳುಬಿದ್ದ ಮಾರುಕಟ್ಟೆಗೆ 1985ರಲ್ಲಿ ನಿಂಟೆಂಡೊ ಕಾಲಿಟ್ಟಿತು, ಬೀಗ ಸಮೇತ. ಇಲ್ಲಿ ಬೀಗ ಅನ್ನುವುದು ಬರೀ ಉಪಮೆಯಲ್ಲ. ಕನ್ಸೋಲಿನೊಳಗೆ ಒಂದು ಚಿಪ್, ಗೇಮ್ ತುಂಬಿಟ್ಟ ಕಾರ್ಟ್ರಿಜ್‌ನೊಳಗೆ ಅದರ ಜೋಡಿ ಚಿಪ್. ಎರಡೂ ಒಂದನ್ನೊಂದು ಗುರುತು ಹಿಡಿದರೆ ಮಾತ್ರ ಗೇಮ್ ಓಡುತ್ತಿತ್ತು. ಚಿಪ್ ಬೇಕಾದರೆ ನಿಂಟೆಂಡೊದ ಒಪ್ಪಂದಕ್ಕೆ ಸಹಿ ಹಾಕಬೇಕು. ವರ್ಷಕ್ಕೆ ಐದೇ ಗೇಮ್. ಕಾರ್ಟ್ರಿಜ್ ಮಾಡಿಕೊಡುವುದು ನಿಂಟೆಂಡೊ. ಎಲ್ಲಕ್ಕಿಂತ ಬಿಗಿಯಾದದ್ದು, ಆ ಗೇಮನ್ನು ಎರಡು ವರ್ಷ ಬೇರೆ ಯಾವ ಕನ್ಸೋಲಿಗೂ ಕೊಡುವ ಹಾಗಿಲ್ಲ. ಐದರ ಮಿತಿ ತಪ್ಪಿಸಲು ಕೊನಾಮಿ ಅಲ್ಟ್ರಾ ಗೇಮ್ಸ್ ಅನ್ನುವ ಇನ್ನೊಂದು ಹೆಸರಿನಲ್ಲಿ ಗೇಮ್ ಹೊರತಂದಿತು. ರಂಗೋಲಿ ಕೆಳಗೆ ನುಸುಳುವುದು ಅಂದರೆ ಇದೇ.

ನಿಂಟೆಂಡೊದ ಸಮರ್ಥನೆ ಪೂರಾ ಸುಳ್ಳಲ್ಲ. ಕಸ ಮತ್ತೆ ತುಂಬಿಕೊಳ್ಳಬಾರದು ಅಂದರೆ ಯಾರಾದರೂ ಬಾಗಿಲು ಕಾಯಬೇಕಿತ್ತು. ಆದರೆ ಎರಡು ವರ್ಷದ ಷರತ್ತಿಗೂ ಗುಣಮಟ್ಟಕ್ಕೂ ಏನು ಸಂಬಂಧ? ಗೇಮ್ ಚೆನ್ನಾಗಿದ್ದರೆ ಪಕ್ಕದ ಕನ್ಸೋಲಿನಲ್ಲೂ ಚೆನ್ನಾಗಿಯೇ ಇರುತ್ತದೆ. ಅಮೆರಿಕದ ಮನೆಗಳಲ್ಲಿ ನಿಂಟೆಂಡೊದ್ದೇ ದರ್ಬಾರು ಇದ್ದ ಕಾಲ. ಅದನ್ನು ಬಿಟ್ಟು ಬೇರೆಯವರ ಬಳಿ ಹೋಗುವ ಧೈರ್ಯ ಯಾವ ಪಬ್ಲಿಷರಿಗೂ ಇರಲಿಲ್ಲ. ಹೀಗಾಗಿ ಎದುರಾಳಿ ಸೆಗಾ ಕಂಪನಿಯ ಮಾಸ್ಟರ್ ಸಿಸ್ಟಮ್ ಕನ್ಸೋಲಿಗೆ ಅಲ್ಲಿ ಹೊರಗಿನವರ ಗೇಮುಗಳು ಸಿಗುವುದೇ ಕಷ್ಟವಾಯಿತು. ಸರ್ಕಾರದ ಕಣ್ಣು ಬಿದ್ದ ಮೇಲೆ, 1990ರ ದಶಕ ಶುರುವಾಗುವ ಹೊತ್ತಿಗೆ, ನಿಂಟೆಂಡೊ ಆ ಷರತ್ತನ್ನು ಕೈಬಿಟ್ಟಿತು. ಅದಾದ ಮೇಲೆ ಸೆಗಾದ ಜೆನೆಸಿಸ್ ಕನ್ಸೋಲಿಗೆ ಹೊರಗಿನವರ ಗೇಮುಗಳು ಸರಾಗವಾಗಿ ಬಂದವು. ಸೆಗಾ ಕೂಡ ಏನೂ ಸಾಧುವಲ್ಲ. ಅದರ ಬೀಗವನ್ನು ಬಿಚ್ಚಿ ಅಧ್ಯಯನ ಮಾಡಿ, ಅನುಮತಿ ಇಲ್ಲದೆ ಗೇಮ್ ಮಾಡಿದ ಅಕೊಲೇಡ್ ಕಂಪನಿಯನ್ನು ಕೋರ್ಟಿಗೆ ಎಳೆಯಿತು. 1992ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅಕೊಲೇಡ್ ಪರ ನಿಂತಿತು. ಹೊಂದಿಕೊಳ್ಳುವ ಗೇಮ್ ಮಾಡಲು ಬೇರೆ ದಾರಿ ಇಲ್ಲದಿದ್ದರೆ ಯಂತ್ರದ ಕೋಡ್ ಬಿಚ್ಚಿ ನೋಡುವುದು ತಪ್ಪಲ್ಲ ಅಂದಿತು.

ಒಂದು ಮಾತು ಇಲ್ಲಿ ಸೇರಿಸಬೇಕು. ಎಲ್ಲ ಎಕ್ಸ್‌ಕ್ಲೂಸಿವ್‌ಗಳ ಹಿಂದೆ ಚೆಕ್ ಬುಕ್ ಇರುವುದಿಲ್ಲ. 1997ರಲ್ಲಿ ಫೈನಲ್ ಫ್ಯಾಂಟಸಿ 7 ನಿಂಟೆಂಡೊ ಬಿಟ್ಟು ಪ್ಲೇಸ್ಟೇಷನ್ ಕಡೆ ಹೋದದ್ದಕ್ಕೆ ದೊಡ್ಡ ಕಾರಣ ಜಾಗ. ಗೇಮ್ ಮೂರು ಸಿಡಿ ತುಂಬುವಷ್ಟಿತ್ತು. ನಿಂಟೆಂಡೊ 64 ಇನ್ನೂ ಕಾರ್ಟ್ರಿಜ್‌ಗೇ ಅಂಟಿಕೊಂಡಿತ್ತು. ಅಷ್ಟನ್ನು ಅದರಲ್ಲಿ ತುರುಕಲು ಆಗುತ್ತಿರಲಿಲ್ಲ.

6,870 ಕೋಟಿ ಡಾಲರಿನ ವಾದ

ಇಷ್ಟು ದಿನ ಆಟಗಾರರ ನಡುವೆ ನಡೆಯುತ್ತಿದ್ದ ಈ ಚರ್ಚೆ ಕರಿಕೋಟಿನವರ ಕೈಗೆ ಹೋದದ್ದು 2022ರಲ್ಲಿ. ಆ ವರ್ಷದ ಜನವರಿ 18ರಂದು ಮೈಕ್ರೋಸಾಫ್ಟ್, ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು 6,870 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಹೌದು, ಅಟಾರಿ ಬಿಟ್ಟುಬಂದವರು ಕಟ್ಟಿದ ಅದೇ ಆಕ್ಟಿವಿಷನ್. ಅದರ ಬಳಿ ಇದ್ದ ಚಿನ್ನದ ಮೊಟ್ಟೆಯ ಕೋಳಿ ಕಾಲ್ ಆಫ್ ಡ್ಯೂಟಿ. ಪ್ಲೇಸ್ಟೇಷನ್ ಇರುವವರಲ್ಲೂ ಅದನ್ನು ಆಡುವವರು ಲಕ್ಷಾಂತರ. ಅದಕ್ಕೆ ಮೈಕ್ರೋಸಾಫ್ಟ್ ಬೀಗ ಹಾಕಿದರೆ?

ಸೋನಿ ಬೊಬ್ಬೆ ಹೊಡೆಯಿತು. ಪೈಪೋಟಿ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಡಿಸೆಂಬರಿನಲ್ಲಿ ವ್ಯಾಜ್ಯ ಹೂಡಿತು. ಎರಡೂ ಕಡೆಯವರ ಬಳಿ ಮೈಕ್ರೋಸಾಫ್ಟಿನದ್ದೇ ಹಳೆಯ ನಡವಳಿಕೆ ಸಾಕ್ಷಿಯಾಗಿತ್ತು, ತಮಾಷೆ ಅಂದರೆ ಅದು. 2014ರಲ್ಲಿ 250 ಕೋಟಿ ಡಾಲರಿಗೆ ಮೈನ್‌ಕ್ರಾಫ್ಟ್ ಕೊಂಡೆವು, ಇವತ್ತಿಗೂ ಅದು ಎಲ್ಲ ಕಡೆ ಸಿಗುತ್ತಿದೆ ಅಂತ ಮೈಕ್ರೋಸಾಫ್ಟ್ ಅಂದಿತು. ಹಾಗಾದರೆ 750 ಕೋಟಿ ಡಾಲರ್ ಕೊಟ್ಟು ಝೆನಿಮ್ಯಾಕ್ಸ್ ಕೊಂಡ ಮೇಲೆ ಅದರ ಸ್ಟಾರ್‌ಫೀಲ್ಡ್ ಗೇಮ್ ಪ್ಲೇಸ್ಟೇಷನ್‌ಗೆ ಯಾಕೆ ಇಲ್ಲ ಅಂತ ಎದುರಿನವರು ಕೇಳಿದರು. ಆಗ ಎರಡೂ ನಿಜವೇ. ಆನ್‌ಲೈನಿನಲ್ಲಿ ಗೆಳೆಯರ ಜತೆ ಆಡುವ, ವರ್ಷಗಟ್ಟಲೆ ದುಡ್ಡು ತರುವ ಗೇಮನ್ನು ಬೀಗ ಹಾಕಿಡುವುದು ನಷ್ಟದ ಬಾಬ್ತು. ಒಬ್ಬನೇ ಕೂತು ಆಡುವ ಹೊಸ ದೊಡ್ಡ ಗೇಮ್ ಹಾಗಲ್ಲ, ಅದನ್ನು ತೋರಿಸಿ ಕನ್ಸೋಲ್ ಮಾರಬಹುದು.

ಇನ್ನೊಂದು ಸೂಕ್ಷ್ಮ ಜಗಳ ನಡೆದದ್ದು ಮಾರುಕಟ್ಟೆ ಅಂದರೆ ಯಾವುದು ಅನ್ನುವುದರ ಮೇಲೆ. ಕಮಿಷನ್ ಪ್ರಕಾರ ಪೈಪೋಟಿ ಇರುವುದು ಎಕ್ಸ್‌ಬಾಕ್ಸ್ ಮತ್ತು ಪ್ಲೇಸ್ಟೇಷನ್ ನಡುವೆ ಮಾತ್ರ. ನಿಂಟೆಂಡೊ ಸ್ವಿಚ್ ಬೇರೆ ಜಾತಿ. ಸ್ವಿಚ್ಚನ್ನೂ ಪಿಸಿಯನ್ನೂ ಸೇರಿಸಿದರೆ ಮೈಕ್ರೋಸಾಫ್ಟ್ ಸಣ್ಣದಾಗಿ ಕಾಣುತ್ತದೆ, ಬಿಟ್ಟರೆ ದೊಡ್ಡದಾಗಿ ಕಾಣುತ್ತದೆ. ಪೈಪೋಟಿ ಕಾನೂನಿನ ಮೊಕದ್ದಮೆಗಳಲ್ಲಿ ಅರ್ಧ ಯುದ್ಧ ನಡೆಯುವುದು ಹೀಗೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲೇ.

2023ರ ಜೂನಿನ ವಿಚಾರಣೆಯಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾಡೆಲ್ಲಾ ಸಾಕ್ಷಿ ಹೇಳಿದರು. ತನ್ನ ಕೈಯಲ್ಲಿದ್ದರೆ ಕನ್ಸೋಲ್ ಎಕ್ಸ್‌ಕ್ಲೂಸಿವ್‌ಗಳನ್ನೇ ತೆಗೆದುಹಾಕುತ್ತಿದ್ದೆ, ಆದರೆ ಮುಂಚೂಣಿಯಲ್ಲಿರುವ ಸೋನಿ ಪೈಪೋಟಿಯನ್ನು ಆ ರೀತಿಯಲ್ಲೇ ನಡೆಸುತ್ತಿರುವಾಗ ಬೇರೆ ದಾರಿ ಇಲ್ಲ ಅನ್ನುವುದು ಅವರ ಮಾತಿನ ಸಾರ. ಹೇಲೋಗೋಸ್ಕರ ಸ್ಟುಡಿಯೊವನ್ನೇ ಕೊಂಡ ಕಂಪನಿಯ ಮುಖ್ಯಸ್ಥರ ಬಾಯಲ್ಲಿ ಈ ಮಾತು ಕೇಳಲು ಮಜಾ ಇತ್ತು. ಸೋತವನಿಗೆ ವೈರಾಗ್ಯ ಬೇಗ ಬರುತ್ತದೆ. ಹಾಗಂತ ಸೋನಿಯನ್ನು ಅಮಾಯಕ ಅನ್ನುವ ಹಾಗೂ ಇಲ್ಲ. ಕೆಲವು ಗೇಮುಗಳು ಮೈಕ್ರೋಸಾಫ್ಟಿನ ಗೇಮ್ ಪಾಸ್ ಚಂದಾ ಸೇವೆಗೆ ಸೇರದಂತೆ ತಡೆಯಲು ಸೋನಿ ದುಡ್ಡು ಕೊಡುತ್ತದೆ ಅಂತ ಮೈಕ್ರೋಸಾಫ್ಟ್ ಬ್ರೆಜಿಲಿನ ಪೈಪೋಟಿ ನಿಯಂತ್ರಕರ ಮುಂದೆ ದೂರಿತ್ತು. ಆ ಬ್ರೆಜಿಲ್ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಯಾವ ಷರತ್ತೂ ಇಲ್ಲದೆ ಖರೀದಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಕೆಲಸ ಪೈಪೋಟಿಯನ್ನು ಕಾಯುವುದು, ಯಾವುದೋ ಒಬ್ಬ ಪೈಪೋಟಿಗಾರನ ಹಿತ ಕಾಯುವುದಲ್ಲ ಅನ್ನುವ ಅರ್ಥದ ಮಾತನ್ನೂ ತೀರ್ಪಿನಲ್ಲಿ ಬರೆಯಿತು. ಇಡೀ ಗಲಾಟೆಯಲ್ಲಿ ನನಗೆ ತುಂಬ ಹಿಡಿಸಿದ ಮಾತು ಅದು.

ಅಮೆರಿಕದಲ್ಲಿ ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕಾರ್ಲಿ 2023ರ ಜುಲೈನಲ್ಲಿ ಖರೀದಿಗೆ ತಡೆ ಕೊಡಲು ಒಪ್ಪಲಿಲ್ಲ. ಮೈಕ್ರೋಸಾಫ್ಟ್ ಅಷ್ಟರಲ್ಲಿ ನಿಂಟೆಂಡೊ, ಎನ್‌ವಿಡಿಯಾ ಜತೆ ಕಾಲ್ ಆಫ್ ಡ್ಯೂಟಿ ಕೊಡುವ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡಾಗಿತ್ತು. ತೀರ್ಪಿನ ಕೆಲವೇ ದಿನಗಳಲ್ಲಿ ಸೋನಿಯೂ ಕಾಲ್ ಆಫ್ ಡ್ಯೂಟಿ ಒಪ್ಪಂದಕ್ಕೆ ಸಹಿ ಹಾಕಿತು. ಬ್ರಿಟನ್ನಿನ ನಿಯಂತ್ರಕರ ಚಿಂತೆ ಬೇರೆಯಿತ್ತು. ಕನ್ಸೋಲ್ ಬಿಡಿ, ನಾಳೆ ಗೇಮುಗಳು ಇಂಟರ್ನೆಟ್ ಮೂಲಕ ನೇರವಾಗಿ ಪರದೆಗೆ ಬರುವ ಕ್ಲೌಡ್ ಕಾಲ ಬಂದಾಗ ಏನು ಕಥೆ ಅಂತ ಕೇಳಿ, ಏಪ್ರಿಲಿನಲ್ಲಿ ತಡೆ ಹಾಕಿದರು. ಆಮೇಲೆ ಮೈಕ್ರೋಸಾಫ್ಟ್ ಕರಾರು ಬದಲಿಸಿತು. ಈಗಿರುವ ಮತ್ತು ಮುಂದಿನ 15 ವರ್ಷಗಳಲ್ಲಿ ಬರುವ ಆಕ್ಟಿವಿಷನ್ ಗೇಮುಗಳ ಕ್ಲೌಡ್ ಹಕ್ಕನ್ನು, ಯುರೋಪಿಯನ್ ಆರ್ಥಿಕ ವಲಯದ ಹೊರಗೆ, ಯುಬಿಸಾಫ್ಟ್ ಎಂಬ ಇನ್ನೊಂದು ಗೇಮ್ ಕಂಪನಿಗೆ ಬಿಟ್ಟುಕೊಟ್ಟಿತು. ಅಕ್ಟೋಬರ್ 13ರಂದು ಖರೀದಿ ಮುಗಿಯಿತು.

ಗಮನಿಸಿ, ತನ್ನ ಗೇಮನ್ನು ತನ್ನ ಕನ್ಸೋಲಿನಲ್ಲಿ ಮಾತ್ರ ಮಾರುವುದು ತಪ್ಪು ಅಂತ ಯಾವ ನಿಯಂತ್ರಕರೂ ಹೇಳಲಿಲ್ಲ. ಅವರ ಪ್ರಶ್ನೆ ಬೇರೆ. ಆಗಲೇ ಎಲ್ಲರ ಕೈಯಲ್ಲಿರುವ, ಪೈಪೋಟಿಗೆ ಉಸಿರಿನಂತಿರುವ ಗೇಮನ್ನು ಕೊಂಡು ಎದುರಾಳಿಯಿಂದ ಕಿತ್ತುಕೊಂಡರೆ ಅವನು ನೆಲಕಚ್ಚುತ್ತಾನೆಯೇ? ಸಾಮಾನ್ಯ ಆಟಗಾರನ ಸಿಟ್ಟಿಗೂ ಕಾನೂನಿನ ಪ್ರಶ್ನೆಗೂ ನಡುವೆ ಇರುವ ಅಂತರ ಇದು. ನನಗೆ ಇಷ್ಟದ ಗೇಮ್ ಸಿಗಲಿಲ್ಲ ಅನ್ನುವುದು ಬೇಸರ. ಇನ್ನು ಮುಂದೆ ಪೈಪೋಟಿ ಕೊಡುವವರೇ ಇರುವುದಿಲ್ಲ ಅನ್ನುವುದು ಕಾನೂನಿನ ವಿಷಯ.

ನನ್ನನ್ನು ಕೇಳಿದರೆ, ಹೊಸದಾಗಿ ಮಾಡಿದ ಗೇಮಿಗೆ ಬೀಗ ಹಾಕಿದರೆ ನಾನು ತಕರಾರು ತೆಗೆಯುವುದಿಲ್ಲ, ಹಾಕಿದವರು ನಿಂಟೆಂಡೊ ಆಗಲಿ, ಸೋನಿ ಆಗಲಿ. ಮಾಡಿದವರ ಶ್ರಮ ಅದು. ಆಗಲೇ ಎಲ್ಲರಿಗೂ ಬರಲಿದ್ದದ್ದನ್ನು ದುಡ್ಡು ಕೊಟ್ಟು ತಡೆದರೆ ಮಾತ್ರ ನನಗೆ ಇರಿಸುಮುರಿಸು. ಅದರಲ್ಲಿ ಹೊಸದೇನೂ ಹುಟ್ಟಲಿಲ್ಲ. ಒಬ್ಬನ ತಟ್ಟೆಯಿಂದ ತೆಗೆದದ್ದು ಅಷ್ಟೆ. ತಡೆದವನು ಮಾರುಕಟ್ಟೆಯಲ್ಲಿ ಮೊದಲನೆಯವನೇ ಆಗಿದ್ದರೆ ನಿಯಂತ್ರಕರು ಕಣ್ಣು ತೆರೆದಿರಬೇಕು. ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ ಅನ್ನುವುದೂ ಗೊತ್ತು. ಅರ್ಧ ಮುಗಿದ ಗೇಮಿಗೆ ದುಡ್ಡು ಸುರಿದು ಅದನ್ನು ಚೆಂದಗಾಣಿಸಿ ಬೀಗ ಹಾಕಿದರೆ ಅದು ಮಾಡಿದ್ದೋ, ತಡೆದದ್ದೋ?

ಬೀಗ ಒಂದರಿಂದಲೇ ಹೊಟ್ಟೆ ತುಂಬುವುದಿಲ್ಲ

ಎಕ್ಸ್‌ಕ್ಲೂಸಿವ್ ಇದ್ದರೆ ಕನ್ಸೋಲ್ ಗೆದ್ದ ಹಾಗೆ ಅಂತ ಮಾತ್ರ ತಿಳಿಯಬೇಡಿ. ಮಾರಿಯೊ ಕಾರ್ಟ್ 8 ಮೊದಲು ಬಂದದ್ದು 2014ರಲ್ಲಿ, ವೀ ಯು ಕನ್ಸೋಲಿಗೆ. ಗೇಮ್ ಸೊಗಸಾಗಿತ್ತು, 84 ಲಕ್ಷ ಪ್ರತಿ ಹೋಯಿತು. ಆದರೂ ಕನ್ಸೋಲ್ ಒಟ್ಟು ಮಾರಾಟವಾದದ್ದು ಸುಮಾರು 1.36 ಕೋಟಿ. ನಿಂಟೆಂಡೊ ಪಾಲಿಗೆ ಅದು ಸೋಲು. ಅದೇ ಗೇಮ್ ಸ್ವಲ್ಪ ಸಿಂಗರಿಸಿಕೊಂಡು 2017ರಲ್ಲಿ ಸ್ವಿಚ್‌ಗೆ ಬಂತು, 6 ಕೋಟಿ ದಾಟಿತು. ಗೇಮ್ ಅದೇ, ಬೀಗವೂ ಅದೇ. ಬದಲಾದದ್ದು ಡಬ್ಬಿ. ಕೈಯಲ್ಲಿ ಹಿಡಿದುಕೊಂಡು ಎಲ್ಲಿ ಬೇಕಾದರೂ ಆಡಬಹುದು ಅನ್ನುವ ಸುಖ ಜನರಿಗೆ ಬೇಕಿತ್ತು.

ಆಟಗಾರನನ್ನು ಕಟ್ಟಿಹಾಕುವ ಹಗ್ಗಗಳೂ ಈಗ ಬೇರೆ ಬೇರೆ ಇವೆ. ಡಿಸ್ಕ್ ಕಾಲದಲ್ಲಿ ಗೇಮ್ ಮಾರಿ ಇನ್ನೊಂದು ಕನ್ಸೋಲ್ ಕೊಳ್ಳಬಹುದಿತ್ತು. ಈಗ ಹತ್ತು ವರ್ಷ ಡೌನ್‌ಲೋಡ್ ಮಾಡಿಕೊಂಡ ಗೇಮುಗಳೆಲ್ಲ ಒಂದೇ ಕಂಪನಿಯ ಖಾತೆಯಲ್ಲಿ ಕೂತಿರುತ್ತವೆ. ಕನ್ಸೋಲ್ ಬದಲಿಸಿದರೆ ಅವನ್ನೆಲ್ಲ ಅಲ್ಲೇ ಬಿಟ್ಟು ಹೋಗಬೇಕು. ಗೆಳೆಯರನ್ನು ಕೂಡ. 2018ರ ಸೆಪ್ಟೆಂಬರಿನವರೆಗೂ ಫೋರ್ಟ್‌ನೈಟ್ ಆಡುವ ಪ್ಲೇಸ್ಟೇಷನ್‌ನವರು ಎಕ್ಸ್‌ಬಾಕ್ಸ್, ಸ್ವಿಚ್‌ನವರ ಜತೆ ಆಡುವ ಹಾಗಿರಲಿಲ್ಲ. ತಂತ್ರಜ್ಞಾನ ಆಗಲೇ ಸಿದ್ಧವಿತ್ತು, ಸೋನಿ ಬಿಡುತ್ತಿರಲಿಲ್ಲ. ಆಗ ಎಲ್ಲರಿಗಿಂತ ಮುಂದಿದ್ದದ್ದು ಸೋನಿ ಅನ್ನುವುದನ್ನು ನೆನಪಿಡಿ. ಗೇಮ್ ಎಲ್ಲ ಕಡೆ ಸಿಕ್ಕರೂ ಬೀಗ ಹಾಕಲು ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಎಕ್ಸ್‌ಕ್ಲೂಸಿವ್ ಬಗ್ಗೆ ಕೂಗಾಡುವವರು ಈ ಹಗ್ಗಗಳ ಬಗ್ಗೆ ಅಷ್ಟಾಗಿ ಮಾತಾಡುವುದಿಲ್ಲ ಅನ್ನುವುದು ನನಗೆ ಆಶ್ಚರ್ಯ.

ಈಗ ಬೀಗಗಳು ಸಡಿಲವಾಗುತ್ತಿವೆ. ನ್ಯಾಯಾಲಯವೂ ನಿಯಂತ್ರಕರೂ ಸಡಿಲಿಸಿದ್ದಲ್ಲ, ಖರ್ಚು ಸಡಿಲಿಸಿತು. ಅದರ ಲೆಕ್ಕ ಹೊರಬಿದ್ದದ್ದೂ ಅದೇ 2023ರ ಮೊಕದ್ದಮೆಯಲ್ಲಿ. ಸೋನಿ ಕೊಟ್ಟ ಕಾಗದದಲ್ಲಿ ಗುಟ್ಟಿನ ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಎಳೆದಿದ್ದರು. ಸ್ಕ್ಯಾನ್ ಮಾಡಿದಾಗ ಮಸಿಯ ಕೆಳಗಿನ ಅಕ್ಷರ ನಿಚ್ಚಳವಾಗಿ ಕಂಡಿತು. ದಿ ಲಾಸ್ಟ್ ಆಫ್ ಅಸ್ 2ನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್ ಖರ್ಚಾಗಿತ್ತು. ಹೊರೈಜನ್ ಫಾರ್ಬಿಡನ್ ವೆಸ್ಟ್‌ಗೆ 21 ಕೋಟಿಗೂ ಮೇಲೆ. ಇಷ್ಟು ಸುರಿದು ಮಾಡಿದ ಗೇಮನ್ನು ಒಂದೇ ಡಬ್ಬಿ ಇರುವವರಿಗೆ ಮಾರಿ ಅಸಲು ಎತ್ತುವುದು ದಿನೇ ದಿನೇ ಕಷ್ಟ. ಸೋನಿ 2020ರಿಂದಲೇ ತನ್ನ ದೊಡ್ಡ ಗೇಮುಗಳನ್ನು ತಡವಾಗಿಯಾದರೂ ಪಿಸಿಗೆ ತರತೊಡಗಿತು. ಮೊದಲು ಹೊರೈಜನ್ ಝೀರೊ ಡಾನ್, 2022ರಲ್ಲಿ ಗಾಡ್ ಆಫ್ ವಾರ್. ಹೆಲ್‌ಡೈವರ್ಸ್ 2 ಅಂತೂ 2024ರಲ್ಲಿ ಎರಡೂ ಕಡೆ ಒಂದೇ ದಿನ ಬಂತು, ಮರುವರ್ಷ ಎಕ್ಸ್‌ಬಾಕ್ಸಿಗೂ ಹೋಯಿತು. ಫೈನಲ್ ಫ್ಯಾಂಟಸಿ ಮಾಡುವ ಸ್ಕ್ವೇರ್ ಎನಿಕ್ಸ್ 2024ರ ಮೇನಲ್ಲಿ, ಇನ್ನು ಮುಂದೆ ಎಲ್ಲ ಕನ್ಸೋಲುಗಳಿಗೂ ಗೇಮ್ ತರುವುದೇ ತನ್ನ ದಾರಿ ಅಂತ ಸಾರಿತು.

ಮೈಕ್ರೋಸಾಫ್ಟ್ ಇನ್ನೂ ಮುಂದೆ ಹೋಯಿತು. 2024ರಲ್ಲಿ ಸೀ ಆಫ್ ಥೀವ್ಸ್ ಸೇರಿ ನಾಲ್ಕು ಗೇಮುಗಳನ್ನು ಎದುರಾಳಿಗಳ ಕನ್ಸೋಲಿಗೆ ಕೊಟ್ಟಿತು. 2025ರಲ್ಲಿ ಫೋರ್ಝಾ ಹೊರೈಜನ್ 5 ಮತ್ತು ಗಿಯರ್ಸ್ ಆಫ್ ವಾರ್ ಪ್ಲೇಸ್ಟೇಷನ್ 5ರಲ್ಲಿ ಬಂದವು. ಎಕ್ಸ್‌ಬಾಕ್ಸ್ ಅಭಿಮಾನಿಗಳಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಬೀಗ ಇದ್ದಾಗ ಹೊರಗಿನವರು ಬೈದರು, ತೆಗೆದಾಗ ಒಳಗಿನವರು ಬೈದರು. ಕನ್ಸೋಲ್ ಕೊಂಡಿದ್ದೇ ದಂಡ ಅನ್ನುವುದು ಅವರ ಸಂಕಟ. ಎಲ್ಲ ಗೇಮುಗಳೂ ಪಕ್ಕದ ಮನೆಯಲ್ಲೂ ಸಿಗುವುದಾದರೆ ಈ ಮನೆ ಯಾಕೆ ಬೇಕು ಅನ್ನುವ ಅವರ ಪ್ರಶ್ನೆಗೆ ಮೈಕ್ರೋಸಾಫ್ಟ್ ಇನ್ನೂ ಗಟ್ಟಿಯಾದ ಉತ್ತರ ಕೊಟ್ಟಿಲ್ಲ ಅಂತಲೇ ನನಗೆ ಅನಿಸುವುದು.

ಇನ್ನು ಆ ಹೇಲೋ. ಅದನ್ನು ಹುಟ್ಟಿಸಿದ ಬಂಜಿ 2007ರಲ್ಲಿ ಮೈಕ್ರೋಸಾಫ್ಟಿನಿಂದ ಬೇರೆಯಾಯಿತು, ಗೇಮಿನ ಹಕ್ಕು ಮಾತ್ರ ಅಲ್ಲೇ ಉಳಿಯಿತು. 2022ರಲ್ಲಿ 360 ಕೋಟಿ ಡಾಲರ್ ಕೊಟ್ಟು ಬಂಜಿಯನ್ನು ಕೊಂಡದ್ದು ಸೋನಿ. 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್, ಮೊದಲ ಹೇಲೋವನ್ನು ಹೊಸದಾಗಿ ಮಾಡುತ್ತಿದ್ದೇವೆ, ಎಕ್ಸ್‌ಬಾಕ್ಸ್, ಪಿಸಿ ಜತೆಗೆ ಪ್ಲೇಸ್ಟೇಷನ್ 5ಕ್ಕೂ ತರುತ್ತೇವೆ ಅಂತ ಘೋಷಿಸಿತು. 1999ರಲ್ಲಿ ಮೊದಲು ಚಪ್ಪಾಳೆ ಹೊಡೆದ ಮ್ಯಾಕ್‌ನವರ ಹೆಸರು ಮಾತ್ರ ಈ ಸಲವೂ ಆ ಪಟ್ಟಿಯಲ್ಲಿ ಇರಲಿಲ್ಲ.